ಕಂಬಿ ಮಲಗಿಸುವವರು

"ಕೈ ಸುಟ್ಕೊಳ್ಳೋಕೆ ನಿನ್ನ ನಾದಿನಿಗೆ ಹೋಟೆಲಿನ ಬಿಳಿ ಶೀಟೇ ಬೇಕಿತ್ತೇನೇ? ಆಸ್ಪತ್ರೆಯ ಹಸಿರು ಬಟ್ಟೆ ಬರೋವರೆಗೂ ತಡ್ಕೊಳ್ಳೋಕೆ ಆಗ್ಲಿಲ್ವಾ ಮುಂಡೆಗೆ?"

ಸೂಪರ್‌ವೈಸರ್ ಹೀಗೆ ಕೇಳಿದಾಗ ನಾನು ಕುಕ್ಕರಗಾಲಲ್ಲಿ ಕೂತು ಶೀಟಿನ ರಕ್ತದ ಕಲೆ ಉಜ್ಜುತ್ತಿದ್ದೆ. ತಣ್ಣೀರಲ್ಲೇ ಉಜ್ಜಬೇಕು. ಬಿಸಿನೀರು ಬಿದ್ದರೆ ರಕ್ತ ಬಟ್ಟೆ ಬಿಡುವುದಿಲ್ಲ. ನನ್ನ ಗಂಡನ ತಂಗಿಯ ರಕ್ತ ಅದು, ಹಿಂದಿನ ದಿನದ್ದು. ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಸೀಟಿ. ಬಾಯಲ್ಲಿ ಸದಾ ಒಂದು ಪ್ಲಾಸ್ಟಿಕ್ ಸೀಟಿ ಇರುತ್ತದೆ. ಅದನ್ನು ತೆಗೆದರೆ ಬೈಗುಳ ಬರುತ್ತದೆ ಅಂತ ನಮಗೆಲ್ಲ ಗೊತ್ತು.

"ಕೇಳಿಸ್ತಾ ಇಲ್ವಾ?"

"ಕೇಳಿಸ್ತು. ಮುಂದಿನ ಸಲ ಬಣ್ಣ ನೋಡ್ಕೊಂಡು ಸುಟ್ಕೋತಾಳೆ ಬಿಡು."

"ನಾಲಿಗೆ ಉದ್ದ ಆಯ್ತು ನಿಂದು," ಎಂದು ಸೀಟಿಯನ್ನು ಬಾಯಿಗೆ ಹಾಕಿಕೊಂಡು ಹೋದ.

ನಮ್ಮದು ಬಟ್ಟೆ ಒಗೆಯುವ ಕಾರ್ಖಾನೆ. ಹೋಟೆಲು, ಆಸ್ಪತ್ರೆಗಳ ಶೀಟುಗಳು ಮುದ್ದೆಯಾಗಿ ಬಂದು ಮಡಿಕೆಯಾಗಿ ಹೋಗುತ್ತವೆ. ನಾವಿರುವುದು ಇಸ್ತ್ರಿ ಲೈನಿನಲ್ಲಿ. ಮಂಚಕ್ಕಿಂತ ಅಗಲವಾದ ಉರುಳೆಗಳು, ಒಳಗೆ ಹಬೆ. ಈ ಕಡೆ ಇಬ್ಬರು ಒದ್ದೆ ಶೀಟಿನ ಮೂಲೆ ಹಿಡಿದು ಉರುಳೆಯ ಬಾಯಿಗೆ ಕೊಡಬೇಕು, ಆ ಕಡೆ ಇಬ್ಬರು ಹಿಡಿದು ಮಡಚಬೇಕು. ಕೊಡುವ ಜೋಡಿ ನಾನು ಮತ್ತು ನಾದಿನಿ. ಬಾಯಿಯ ಮುಂದೆ ಉದ್ದಕ್ಕೂ ಒಂದು ಕಂಬಿಯಿದೆ. ಕೈ ಅದಕ್ಕೆ ತಗುಲಿದರೆ ಮೆಷಿನ್ ನಿಂತುಬಿಡುತ್ತದೆ. ಮೆಷಿನ್ ಮಾಡಿದ ಪುಣ್ಯಾತ್ಮ ಯಾರೋ, ನಮ್ಮ ಕೈಗೂ ಬೆಲೆಯಿದೆ ಎಂದುಕೊಂಡಿದ್ದ. ಆದರೆ ಕಂಬಿಗೆ ಕೈ ಯಾವುದು, ಬಟ್ಟೆ ಯಾವುದು ಎಂದು ತಿಳಿಯುವುದಿಲ್ಲ. ಶೀಟಿನ ಸುಕ್ಕು ತಗುಲಿದರೂ ನಿಲ್ಲುತ್ತದೆ. ನಿಂತರೆ ಶೀಟು ಬಿಡಿಸಿ, ಗುಂಡಿ ಒತ್ತಿ, ಮತ್ತೆ ಮೊದಲಿಂದ ಕೊಡಬೇಕು. ನಮ್ಮ ಕೂಲಿಯೋ ಶೀಟಿನ ಲೆಕ್ಕದಲ್ಲಿ.

ಹಾಗಾಗಿ ಬೆಳಿಗ್ಗೆ ಸೀಟಿ ಬಂದು, "ಕಂಬಿ ಮಲಗಿಸ್ರಮ್ಮ," ಎನ್ನುತ್ತಾನೆ. ಕಟ್ಟಿ ಎನ್ನುವುದಿಲ್ಲ, ಜಾಣ. ಹರಿದ ಶೀಟಿನ ಪಟ್ಟಿಯೊಂದರಲ್ಲಿ ಕಂಬಿಯನ್ನು ಹಿಂದಕ್ಕೆಳೆದು ಬಿಗಿದರೆ ಅದು ಸಂಜೆಯವರೆಗೂ ಮಿಸುಕುವುದಿಲ್ಲ. ಮೊದಲು ಬಂದವಳು ಮಲಗಿಸುತ್ತಾಳೆ. ಎಲ್ಲರೂ ಮಲಗಿಸಿದವರೇ. ಆ ದಿನ ಮೊದಲು ಬಂದವಳು ನಾದಿನಿ. ಒದ್ದೆ ಮೂಲೆ ಅವಳ ಬೆರಳಿಗೆ ಸುತ್ತಿಕೊಂಡು ಕೈಯನ್ನು ಒಳಗೆಳೆಯಿತು. ಕಂಬಿ ನಿದ್ದೆಯಲ್ಲಿತ್ತು. ಆ ಕಡೆ ಮಡಚುತ್ತಿದ್ದ ದಪ್ಪಕ್ಕ ಓಡಿಹೋಗಿ ಮೇನ್ ಸ್ವಿಚ್ ಎಳೆದಳು. ಸೀಟಿ ಓಡಿ ಬಂದು ಮೊದಲು ಕೇಳಿದ್ದು, "ಸ್ವಿಚ್ಚು ಎಳೆದವಳು ಯಾವಳು?" ಎಂದು.

ಕಲೆ ಉಜ್ಜಿದ ದಿನ ಮಧ್ಯಾಹ್ನ ಯಜಮಾನರಿಂದ ಕರೆ ಬಂತು. ಅವರನ್ನು ನಾವು ಸಾರ್ ಎನ್ನುವಂತಿಲ್ಲ. ಸಾರ್ ಅಂದರೆ ಅವರಿಗೆ ನೋವಾಗುತ್ತದಂತೆ. ಅಣ್ಣಾ ಅನ್ನಬೇಕು. ಹೀಗಾಗಿ ಕಾರ್ಖಾನೆಯ ನಲವತ್ತು ಹೆಂಗಸರೂ ಒಬ್ಬನೇ ಅಣ್ಣನ ತಂಗಿಯರು. ಒಡಹುಟ್ಟಿದ ಮೇಲೆ ಓವರ್‌ಟೈಮ್ ದುಡ್ಡು ಕೇಳುವುದು ಚೆನ್ನಾಗಿರುವುದಿಲ್ಲ ನೋಡಿ.

"ಕೂತ್ಕೋ ತಂಗಿ," ಎಂದರು. ನಾನು ಕುರ್ಚಿಯ ಹತ್ತಿರ ಹೋದೆ. "ಒಂದು ನಿಮಿಷ," ಎಂದು ಎದ್ದು ಬಂದು, ಮೆತ್ತೆಯ ಮೇಲೆ ಹಳೇ ಟವೆಲ್ಲೊಂದನ್ನು ಹಾಸಿದರು. "ಒದ್ದೆ ಇದೀಯಲ್ಲಮ್ಮ. ಈಗ ಕೂತ್ಕೋ."

ಕೂತೆ. ಟೀ ಬಂತು. ತಂಗಿಗೆ ಕಾಗದದ ಲೋಟ, ಅಣ್ಣನಿಗೆ ಪಿಂಗಾಣಿ ಕಪ್ಪು.

"ನಾದಿನಿ ಹೇಗಿದಾಳೆ?"

"ಎರಡು ಬೆರಳು ಇನ್ನು ಮಡಚೋಕೆ ಬರಲ್ಲ ಅಂದ್ರು ಡಾಕ್ಟರು."

"ಛೆ. ನಂಗೆ ರಾತ್ರಿ ಊಟಾನೇ ಸೇರಲಿಲ್ಲ." ಹೊಟ್ಟೆ ಮೇಜಿಗೆ ತಾಗುತ್ತಿತ್ತು. "ನಾಳೆ ಲೇಬರ್ ಆಫೀಸರ್ ಬರ್ತಾರೆ. ಪಕ್ಕದಲ್ಲೇ ಇದ್ದವಳು ನೀನು, ನಿನ್ನೇ ಕೇಳ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿಬಿಡು. ಕಂಬಿ ಕಟ್ಟಬೇಡ ಅಂತ ನಾವು ಎಷ್ಟು ಹೇಳಿದ್ರೂ ಕೇಳದೆ, ನಾಲ್ಕು ಶೀಟು ಜಾಸ್ತಿ ಆಗ್ಲಿ ಅಂತ ಅವಳೇ ಕಟ್ಟಿದ್ಲು. ಅಷ್ಟೇ."

"ಇದ್ದದ್ದು ಹಾಗಿಲ್ವಲ್ಲಣ್ಣ."

"ಕಟ್ಟಿದ್ದು ಅವಳೇ ತಾನೆ?"

"ಅವತ್ತು ಅವಳು. ಅದರ ಹಿಂದಿನ ದಿನ ನಾನು. ಹೇಳ್ತಿದ್ದವನು ಸೀಟಿ."

"ಅಷ್ಟುದ್ದ ಪುರಾಣ ಆಫೀಸರಿಗೆ ಯಾಕಮ್ಮ?" ಎಂದು ನಕ್ಕರು. "ನೀನು ಹೀಗೆ ಹೇಳಿದ್ರೆ ಲೈನ್ ಲೀಡರ್ ಮಾಡ್ತೀನಿ. ಅವಳ ಔಷಧಿ ಖರ್ಚು ಅಣ್ಣನಾಗಿ ನಾನೇ ಕೊಡ್ತೀನಿ. ಕಾನೂನು ಪರಿಹಾರ ಅಂತ ಹೋದ್ರೆ ನಿಮಗೂ ಮನಸ್ಸು ಕೆಡುತ್ತೆ, ನನಗೂ ಕೆಡುತ್ತೆ. ಮತ್ತೆ, ಆ ಕಾರ್ಮಿಕ ಸಂಘದವನು ಗೇಟಿನ ಹತ್ರ ಸುಳಿದಾಡ್ತಿದಾನಂತೆ. ಮನೆ ಜಗಳಕ್ಕೆ ಬೀದಿಯವನನ್ನ ಯಾರಾದ್ರೂ ಕರೀತಾರಾ?"

ನಾನು ಎದ್ದೆ. ಬಾಗಿಲು ದಾಟುವಾಗ ಹಿಂದಿರುಗಿ ನೋಡಿದರೆ, ಅಣ್ಣ ಎರಡು ಬೆರಳ ತುದಿಯಲ್ಲಿ ಆ ಟವೆಲ್ಲನ್ನೆತ್ತಿ ಬುಟ್ಟಿಗೆ ಬಿಡುತ್ತಿದ್ದರು.

ಮನೆಗೆ ಬಂದರೆ ಬೀದಿಯವನು ಒಳಗೇ ಕೂತಿದ್ದ. ಮೊದಲು ಬಸ್ ಕಂಡಕ್ಟರ್ ಆಗಿದ್ದವನು, ಈಗಲೂ ಎಲ್ಲರಿಗೂ ಕಂಡಕ್ಟರೇ. ಚಪ್ಪಲಿಗೆ ತಂತಿ ಸುತ್ತಿಕೊಂಡಿದ್ದ. ನಾದಿನಿ ಗೋಡೆಗೊರಗಿ, ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡಿದ್ದಳು. ನನ್ನ ಗಂಡ ಅವಳಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ಅವನ ಕೈಗೆ ತುತ್ತು ಸಣ್ಣದು ಮಾಡಲು ಬರುವುದಿಲ್ಲ.

"ಅಣ್ಣಾ, ನಾನು ಮೂಟೆ ಅಲ್ಲ," ಎಂದು ನಾದಿನಿ ಬಾಯಿ ತುಂಬಿಕೊಂಡೇ ಹೇಳಿದಳು.

ನನಗೆ ಕಂಡಕ್ಟರನನ್ನು ನೋಡಿಯೇ ಮೈ ಉರಿಯಿತು. "ಹೋದ ಸಲ ನಿಮ್ಮ ಲೀಡರು ಬಂದಿದ್ದ. ಗೇಟಿನಲ್ಲಿ ಗಂಟಲು ಹರ್ಕೊಂಡು ಕೂಗಿ, ಚಂದಾ ತಗೊಂಡು, ಸಂಜೆ ಯಜಮಾನ್ರ ಕಾರಲ್ಲೇ ಮನೆಗೆ ಹೋದ."

"ಹೋದ. ಕಳ್ಳನನ್ಮಗ," ಎಂದ ಕಂಡಕ್ಟರ್.

ನಾನು ಜಗಳಕ್ಕೆ ಸಿದ್ಧಳಾಗಿ ಬಂದಿದ್ದೆ. ಎದುರಾಳಿಯೇ ಒಪ್ಪಿಕೊಂಡರೆ ಏನು ಮಾಡುವುದು?

"ಮತ್ತೆ ಯಾವ ಮುಖ ಇಟ್ಕೊಂಡು ಬಂದೆ? ನಿನ್ನ ಸಂಘಕ್ಕೆ ಸೇರಿದ್ರೆ ಏನು ಸಿಗುತ್ತೆ?"

"ಮೊದಲು ಬೈಗುಳ ಸಿಗುತ್ತೆ ಅಕ್ಕ. ಆಮೇಲೆ ಕೆಲಸ ಹೋದ್ರೂ ಹೋಗಬಹುದು."

"ಒಳ್ಳೆ ವ್ಯಾಪಾರಿ ಕಣಯ್ಯ ನೀನು."

"ಸೇರೋದು ಬೇಡ," ಎಂದ ನನ್ನ ಗಂಡ. "ಒಂದು ಕೈ ಹೋಗಿದೆ. ಇನ್ನು ಇವಳ ಕೆಲಸಾನೂ ಹೋದ್ರೆ? ಯಜಮಾನ್ರು ಹೇಳಿದ ಹಾಗೆ ಹೇಳಿ ಸುಮ್ನಿದ್ರೆ ಔಷಧಿ ಖರ್ಚು ಕೊಡ್ತಾರಂತೆ, ಸೀಟಿ ಹೇಳಿ ಕಳಿಸಿದ್ದ. ದೊಡ್ಡವರ ಸಹವಾಸ ನಮಗ್ಯಾಕೆ?"

"ಏನು ಹೇಳಬೇಕಂತೆ?" ನಾದಿನಿ ನನ್ನನ್ನೇ ನೋಡಿದಳು.

ಹೇಳಿದೆ. ಟವೆಲ್ಲಿನ ವಿಷಯವೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ಅವಳು ತುತ್ತು ನುಂಗಿದಳು. ಆಮೇಲೆ ಬ್ಯಾಂಡೇಜಿನ ಕೈಯನ್ನು ದಿಂಬಿನಿಂದ ಮೇಲಕ್ಕೆತ್ತಿದಳು.

"ಅತ್ತಿಗೆ, ಸೇರಿದ್ರೆ ಏನು ಸಿಗುತ್ತೆ ಅಂತ ಅವನನ್ನ ಕೇಳಿದ್ರಿ. ಸೇರದಿದ್ರೆ ಏನು ಸಿಗುತ್ತೆ ಅಂತ ನನ್ನ ಕೇಳಿ."

ನನ್ನ ಗಂಡ ತಟ್ಟೆ ಕೆಳಗಿಟ್ಟ. ಕಂಡಕ್ಟರ್ ತಲೆ ತಗ್ಗಿಸಿ ಚಪ್ಪಲಿಯ ತಂತಿ ಬಿಗಿಮಾಡತೊಡಗಿದ.

"ನಾನು ಬಂದ್ರೆ ಗೇಟಲ್ಲೇ ನಿಲ್ಲಿಸ್ತಾರೆ ಅಕ್ಕ," ಎಂದ. "ನನ್ನಿಂದ ಒಳಗೆ ಏನೂ ಆಗಲ್ಲ. ಒಳಗಿರೋರು ನೀವು."

"ಹಾಗಾದ್ರೆ ನಿನಗ್ಯಾಕೆ ಚಂದಾ?"

"ವಕೀಲನಿಗೆ. ಅವನೂ ಕಳ್ಳನೇ. ಆದ್ರೆ ನಮ್ಮ ಕಡೆಯವನು."

ಅದಕ್ಕೆ ನಾದಿನಿ ನಕ್ಕಳು. ಕೈ ಸುಟ್ಟ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಾನು ಹೆಸರು ಬರೆಸಿದೆ. ನನ್ನ ಗಂಡ ಎದ್ದು ಹೊರಗೆ ಹೋಗಿ ನಿಂತ.

ಮರುದಿನ ಹೋದರೆ ಕಂಬಿಗೆ ಮದುವೆ ಹೆಣ್ಣಿನ ಕಳೆ. ಹಳದಿ ಬಣ್ಣ ಬಳಿದಿದ್ದರು, ಇನ್ನೂ ಕೈಗೆ ಅಂಟುತ್ತಿತ್ತು. ಗೋಡೆಗೆ ದೊಡ್ಡ ಬೋರ್ಡು: "ಸುರಕ್ಷತಾ ಕಂಬಿಯನ್ನು ಕಟ್ಟುವುದು ಅಪರಾಧ. ಕಟ್ಟಿದವರೇ ಹೊಣೆ." ಎಷ್ಟೋ ವರ್ಷಗಳಿಂದ ಅಲ್ಲೇ ಇದ್ದಂತೆ ಕಾಣಲೆಂದು ಅದರ ಮೂಲೆಗಳನ್ನು ಸೀಟಿ ಮಸಿ ಕೈಯಲ್ಲಿ ಒರೆಸುತ್ತಿದ್ದ.

ಆಫೀಸರ್ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಂದರು. ಮೆಷಿನ್ ನಿಲ್ಲಿಸಿದ್ದರು. ಅಣ್ಣ ಬೋರ್ಡು ತೋರಿಸಿದರು, ಹಳದಿ ಬಣ್ಣ ತೋರಿಸಿದರು, ನಮ್ಮನ್ನು ತೋರಿಸಿ, "ಎಲ್ಲ ನನ್ನ ತಂಗಿಯರು ಸಾರ್," ಎಂದರು.

"ಯಾರಮ್ಮ ಜೊತೆಗಿದ್ದವಳು? ಕಂಬಿ ಕಟ್ಟಿದ್ದು ಯಾರು?"

"ಈಗ ಮೆಷಿನ್ ಓಡಿಸಿ ಸಾರ್," ಎಂದೆ. "ಕಂಬಿ ಕಟ್ಟದೆ ಶೀಟು ಹಾಕ್ತೀವಿ. ಯಾಕೆ ಕಟ್ತೀವಿ ಅಂತ ನೀವೇ ನೋಡಿ."

"ನಿನ್ನ ಶೀಟು ನೋಡ್ತಾ ನಿಲ್ಲೋಕೆ ನಂಗೆ ಬೇರೆ ಕೆಲಸ ಇಲ್ವಾ? ಕೇಳಿದ್ದಕ್ಕೆ ಉತ್ತರ ಕೊಡು. ಅವಳಾ, ನೀನಾ?"

"ದಿನಕ್ಕೊಬ್ಬರು ಸಾರ್. ಕಟ್ಟಿಸಿದವನು ಒಬ್ಬನೇ."

ಸೀಟಿಯ ಬಾಯಿಂದ ಸೀಟಿ ಜಾರಿ ಹೊಟ್ಟೆಯ ಮೇಲೆ ನೇತಾಡಿತು. ಅಣ್ಣ ಆಫೀಸರ ತೋಳು ಹಿಡಿದು, "ಮನೆಯೊಳಗಿನ ದುಃಖ ಸಾರ್, ಬಾಯಿಗೆ ಬಂದದ್ದು ಹೇಳ್ತಿದಾಳೆ," ಎಂದು ಪಿಂಗಾಣಿ ಕಪ್ಪಿನ ಕಡೆಗೆ ಕರೆದುಕೊಂಡು ಹೋದರು. ಹೋಗುವಾಗ ಆಫೀಸರ್ ನನ್ನ ಕಡೆ ಬೆರಳು ಮಾಡಿ, "ನಾಳೆ ಸಂಜೆ ನಮ್ಮ ಆಫೀಸಿಗೆ ಬಾ. ಇನ್ನೊಬ್ಬಳು ಯಾರಾದ್ರೂ ಸಾಕ್ಷಿ ಹೇಳೋಳಿದ್ರೆ ಕರ್ಕೊಂಡು ಬಾ. ಒಬ್ಬಳ ಮಾತು ನಾನು ಬರ್ಕೊಳ್ಳಲ್ಲ," ಎಂದರು.

ಇನ್ನೊಬ್ಬಳು. ಊಟದ ಹೊತ್ತಿಗೆ ನಲ್ಲಿಯ ಹತ್ತಿರ ಕೇಳಿದೆ. ಒಬ್ಬೊಬ್ಬರಿಗೂ ಡಬ್ಬಿ ತೊಳೆಯುವುದರಲ್ಲಿ ಇದ್ದಕ್ಕಿದ್ದಂತೆ ಭಾರೀ ಶ್ರದ್ಧೆ ಬಂತು. ದಪ್ಪಕ್ಕ ಅಂತೂ ಡಬ್ಬಿ ತೂತು ಬೀಳಬೇಕು, ಹಾಗೆ ಉಜ್ಜಿದಳು.

"ಸ್ವಿಚ್ ಎಳೆದವಳು ನೀನು ದಪ್ಪಕ್ಕ. ನೀನೂ ನೋಡಿದೀಯ."

"ನೋಡಿದೀನಿ. ಮೂರು ಮಕ್ಕಳನ್ನೂ ನೋಡ್ತಾ ಇದೀನಿ. ನನ್ನ ಹಾಳು ಮಾಡಬೇಡ ಮಾರಾಯ್ತಿ. ಸಂಘಕ್ಕೂ ಸೇರಲ್ಲ, ಸಾಕ್ಷಿನೂ ಹೇಳಲ್ಲ."

"ಆಯ್ತು. ಹಾಗಾದ್ರೆ ನಾಳೆ ಬೆಳಿಗ್ಗೆ ಕಂಬಿ ಕಟ್ತೀಯಾ?"

ದಪ್ಪಕ್ಕ ಉಜ್ಜುವುದನ್ನು ನಿಲ್ಲಿಸಿದಳು. "ಕಟ್ಟಿದವರೇ ಹೊಣೆ ಅಂತ ಬೋರ್ಡ್ ಹಾಕಿದಾರಲ್ಲ. ನನ್ನ ಕೈ ಹೋದ್ರೆ ನನ್ನದೇ ತಪ್ಪು ಅಂತಾರೆ. ನಾನ್ಯಾಕೆ ಕಟ್ಲಿ?"

"ನಾನೂ ಕಟ್ಟಲ್ಲ," ಎಂದಳು ಬಟ್ಟೆ ಹಿಂಡುವವಳು. "ಅಣ್ಣನ ಬೋರ್ಡಿಗೆ ಮರ್ಯಾದೆ ಕೊಡಬೇಡ್ವಾ?"

ಅಷ್ಟೇ ನಡೆದದ್ದು. ಘೋಷಣೆಯಿಲ್ಲ, ಬಾವುಟವಿಲ್ಲ. ನಲವತ್ತು ತಂಗಿಯರು ಅಣ್ಣನ ಮಾತು ಕೇಳಬೇಕೆಂದು ತೀರ್ಮಾನಿಸಿದರು.

ಮರುದಿನ ಬೆಳಿಗ್ಗೆ ಸೀಟಿ, "ಕಂಬಿ ಮಲಗಿಸ್ರಮ್ಮ," ಎಂದ. ಬಾಯಿಗೆ ಅಭ್ಯಾಸ, ಪಾಪ. ಯಾರೂ ಅಲುಗಲಿಲ್ಲ. ಮೆಷಿನ್ ಶುರುವಾಯಿತು. ಶೀಟು ಕೊಟ್ಟೆವು, ಸುಕ್ಕು ತಗುಲಿತು, ನಿಂತಿತು. ಬಿಡಿಸಿದೆವು, ಗುಂಡಿ ಒತ್ತಿದೆವು, ಕೊಟ್ಟೆವು, ನಿಂತಿತು. ನಮ್ಮ ಹಿಂದೆ ಒದ್ದೆ ಶೀಟಿನ ಗುಡ್ಡ ಎದ್ದಿತು. ದೊಡ್ಡ ಹೋಟೆಲಿನ ಲಾರಿ ಬಾಗಿಲಿಗೆ ಬಂದು ಹಾರ್ನ್ ಒತ್ತತೊಡಗಿತು. ನಾವು ಯಾವತ್ತೂ ಅಷ್ಟು ನಿಧಾನವಾಗಿ, ಅಷ್ಟು ಜೋಪಾನವಾಗಿ ಕೆಲಸ ಮಾಡಿರಲಿಲ್ಲ.

ಅಣ್ಣ ಓಡಿ ಬಂದರು. "ಏನಿದು? ಸ್ಟ್ರೈಕಾ?"

"ಇಲ್ಲಣ್ಣ, ಕೆಲಸ ಮಾಡ್ತಿದೀವಲ್ಲ," ಎಂದಳು ದಪ್ಪಕ್ಕ.

"ಹೋಟೆಲಿನವರು ನನ್ನ ಚರ್ಮ ಸುಲೀತಾರೆ. ಇವತ್ತೊಂದು ದಿನ ಮಲಗಿಸಿ, ಆಮೇಲೆ ಕೂತು ಮಾತಾಡೋಣ."

ನಾವು ಗುಂಡಿ ಒತ್ತಿ ಮುಂದಿನ ಶೀಟು ಕೊಟ್ಟೆವು. ಅಣ್ಣನ ಬಾಯಿಂದ ತಂಗಿ ಉದುರಿಹೋದಳು. "ಅನ್ನ ಹಾಕಿದ ಕೈ ಕಚ್ತೀರೇನ್ರೇ ಬೋಸುಡಿಗಳಾ? ಯಾರು ಯಾರು ಸೇರಿದೀರ ಸಂಘಕ್ಕೆ? ಇವತ್ತೇ ಗೇಟಿನಾಚೆ ಹಾಕ್ತೀನಿ."

"ನಾನು ಸೇರಿದೀನಿ," ಎಂದೆ. "ಸಂಜೆ ಆಫೀಸರ ಹತ್ರ ಹೋಗ್ತೀನಿ. ಈಗ ಕಂಬಿ ಕಟ್ಟಲ್ಲ."

ಅಣ್ಣ ಸೀಟಿಯತ್ತ ತಿರುಗಿದರು. "ನೀನು ಕಟ್ಟೋ."

ಸೀಟಿ ಬೋರ್ಡು ನೋಡಿದ, ಕಂಬಿ ನೋಡಿದ. ಕೈ ಎರಡನ್ನೂ ಹಿಂದಕ್ಕೆ ಕಟ್ಟಿಕೊಂಡ. "ಬೇಡಣ್ಣ. ನಾಳೆ ಏನಾದ್ರೂ ಆದ್ರೆ ಕಟ್ಟಿದವನು ನಾನು ಅಂತೀರ."

ಲಾರಿಯ ಹಾರ್ನ್ ನಿಲ್ಲಲೇ ಇಲ್ಲ. ಅಣ್ಣ ಒದ್ದೆ ಗುಡ್ಡೆಯಿಂದ ಹರಿದ ಶೀಟೊಂದನ್ನು ಎಳೆದು ಪರ್ ಎಂದು ಪಟ್ಟಿ ಸೀಳಿದರು. ಉರುಳೆಯ ಮುಂದೆ ಬಗ್ಗಿ, ಬೆವರು ಸುರಿಸುತ್ತ, ತಮ್ಮ ಕೈಯಾರೆ ಕಂಬಿಯನ್ನು ಹಿಂದಕ್ಕೆಳೆದು ಗಂಟು ಹಾಕಿದರು. ಹಬೆಯಲ್ಲಿ ಇನ್ನೂ ಒಣಗದೆ ಉಳಿದಿದ್ದ ಹಳದಿ ಬಣ್ಣ ಅಂಗೈಗೆ ಮೆತ್ತಿಕೊಂಡಿತು. ಎದ್ದು ನಿಂತಾಗ ಇಡೀ ಲೈನು ಅವರ ಕೈಯನ್ನೇ ನೋಡುತ್ತಿತ್ತು.

"ನಾನೂ ನೋಡಿದೆ ಅಂತ ಬರೆಸ್ತೀನಿ," ಎಂದಳು ದಪ್ಪಕ್ಕ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಸಂಜೆ ಎಷ್ಟೊತ್ತಿಗೆ ಹೋಗೋದು?"

"ಇನ್ನೇನು ನೋಡ್ತೀರ?" ಎಂದು ಅಣ್ಣ ಕಿರುಚಿದರು. "ಹಾಕಿ ಶೀಟು."

ಸೀಟಿ ತನ್ನ ಸೀಟಿ ಊದಿದ. ಉರುಳೆಗಳು ಹಬೆ ಕಾರುತ್ತ ತಿರುಗುತ್ತಲೇ ಇದ್ದವು. ಒಬ್ಬಳೂ ಶೀಟಿನ ಮೂಲೆ ಎತ್ತಲಿಲ್ಲ.