ಅತ್ತೆ ಬರೆಸಿದ ಮಾತು

ಚೆನ್ನೈನ ಪ್ಯಾರೀಸ್ ಕಾರ್ನರಿನ ವಕೀಲರ ಕಚೇರಿಯಲ್ಲಿ ಅತ್ತೆ ಕಲ್ಯಾಣಮ್ಮ ತಮ್ಮ ಲಿವಿಂಗ್ ವಿಲ್ ಬರೆಸುತ್ತಿದ್ದರು. ಬದುಕುವ ಭರವಸೆ ಇಲ್ಲದಾಗ ವೆಂಟಿಲೇಟರ್ ಹಾಕಬಾರದು, ನೋವು ಮಾತ್ರ ಕಡಿಮೆ ಮಾಡಬೇಕು. ಅವರಿಗೆ ಮಾತಾಡಲಾಗದಿದ್ದರೆ ಇದನ್ನು ಡಾಕ್ಟರಿಗೆ ಹೇಳಲು ಒಬ್ಬರ ಹೆಸರು ಬೇಕಿತ್ತು.

"ನಮ್ಮ ಸೊಸಿ ಶಿಲ್ಪಶ್ರೀ ಅಂತ ಬರೀರಿ," ಅಂದರು.

"ನಿಮ್ಮ ಮಗಳು ಇದ್ದಾರಲ್ಲ ಅತ್ತಿ," ಅಂದೆ. ಹೋದ ವರ್ಷ ನನ್ನ ಗಂಡ ಶಿವರಂಜನ್ ಐಸಿಯುನಲ್ಲಿದ್ದಾಗ, ಅವನ ಇಚ್ಛೆ ಏನೆಂದು ತಿಳಿಯದೆಯೇ ಮೆಷಿನ್ ತೆಗೆಯಲು ನಾನು ಒಪ್ಪಬೇಕಾಗಿ ಬಂದಿತ್ತು. ಇನ್ನೊಮ್ಮೆ ನನ್ನಿಂದ ಆಗದು.

"ಆಕಿ ಅಳಕೋತ ಡಾಕ್ಟರ್ ಕಾಲ್ ಹಿಡೀತಾಳ. ಇದ್ದಬಿದ್ದ ಪೈಪೆಲ್ಲಾ ನನಗ ಹಾಕಸ್ತಾಳ." ಅತ್ತೆ ನಕ್ಕರು. "ನೀ ಏನೂ ತೀರ್ಮಾನ ಮಾಡಬ್ಯಾಡವ್ವ. ಅದನ್ನ ನಾ ಮಾಡೇನಿ. ನೀ ಬರೇ ಹೇಳು."

ಅತ್ತೆ ವಕೀಲರ ಕಡೆ ತಿರುಗಿದರು.

"ಇನ್ನೊಂದು ಬರೀರಿ. ನನ್ನ ಕೊರಳಾಗಿನ ಲಿಂಗ ಯಾರೂ ಒಯ್ಯಬಾರ್ದು. ಜೀವ ಹೋಗೂವಾಗ ಅದು ನನ್ನ ಅಂಗೈಯಾಗ ಇರಬೇಕು."

ವಕೀಲ ಶ್ರೀಕಾಂತ್ ಪೆನ್ನು ನಿಲ್ಲಿಸಿದರು. "ಐಸಿಯುನಲ್ಲಿ ಅದೆಲ್ಲಾ ಒಪ್ಪಲ್ಲ ಮಾ."

ಶಿವರಂಜನನ ಕೊರಳಿನ ಲಿಂಗವನ್ನು ಐಸಿಯುನಲ್ಲಿ ನರ್ಸ್ ಬಿಚ್ಚಿ, ಉಂಗುರದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನಗೆ ಕೊಟ್ಟಿದ್ದಳು. ಅತ್ತೆ ಅದನ್ನು ನೋಡಿದ್ದರು. ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ.

"ಬರೀರಿ ಸರ್," ಅಂದೆ. "ಆಸ್ಪತ್ರೆಯವರು ಒಪ್ಪೋವರೆಗೂ ನಾನು ಹೇಳ್ತೀನಿ."

ಬ್ಯಾಗಿನಿಂದ ನನ್ನ ಆಧಾರ್ ಕಾರ್ಡ್ ತೆಗೆದು ವಕೀಲರ ಮುಂದಿಟ್ಟೆ.