ಔನೆಯ ಒಲೆ, ರೇಯೊನ ಹೀಟ್ ಪಂಪ್

ಔನೆ ಅರವತ್ತೆರಡನೆಯ ವಯಸ್ಸಿನಲ್ಲಿ ಮದುವೆಯಾದಾಗ ಊರಿನವರು ಆಡಿಕೊಳ್ಳಲಿಲ್ಲ; ಆಡಿಕೊಳ್ಳುವಷ್ಟು ಜನವೇ ಅಲ್ಲಿರಲಿಲ್ಲ. ಉತ್ತರದ ಹಿಮನಾಡಿನ ಕೈನೂ ಸೀಮೆಯ ಸರೋವರದ ದಂಡೆಯಲ್ಲಿ ಹನ್ನೊಂದು ಮನೆ, ಒಂದು ಅಂಗಡಿ. ಇದ್ದವರೆಲ್ಲ ಬಂದು ಕಾಫಿ ಕುಡಿದು, "ಅಂತೂ ಒಲೆ ಬಿಟ್ಟು ಇನ್ನೊಬ್ಬರನ್ನ ಕಟ್ಕೊಂಡ್ಲಪ್ಪ" ಎಂದು ನಕ್ಕು ಹೋದರು.

ಮಾತಿನಲ್ಲಿ ಸುಳ್ಳೇನಿರಲಿಲ್ಲ. ನಡುಮನೆಯ ಕಾಲು ಭಾಗವನ್ನು ನುಂಗಿಕೊಂಡು ನಿಂತಿದ್ದ ಆ ಇಟ್ಟಿಗೆ ಒಲೆಯನ್ನು ಅವಳ ಅಪ್ಪ ಕಟ್ಟಿದ್ದ. ಒಮ್ಮೆ ಕಟ್ಟಿಗೆ ತುಂಬಿ ಉರಿಸಿದರೆ ಒಂದೂವರೆ ದಿನ ಬೆಚ್ಚಗಿರುತ್ತಿತ್ತು. ಪ್ರತಿ ಶನಿವಾರ ಔನೆ ಅದರಲ್ಲಿ ರೈ ಹಿಟ್ಟಿನ ಬ್ರೆಡ್ಡು ಸುಡುತ್ತಿದ್ದಳು. ಮೀನನ್ನು ಹಿಟ್ಟಿನೊಳಗೆ ಮುಚ್ಚಿ ಇಡೀ ದಿನ ಬೇಯಿಸುವ ದಪ್ಪ ಬ್ರೆಡ್ಡನ್ನೂ ಮಾಡುತ್ತಿದ್ದಳು.

ರೇಯೊ ನಲವತ್ತು ವರ್ಷ ಹಡಗುಗಳ ಇಂಜಿನ್ ಕೋಣೆಯಲ್ಲಿ ದುಡಿದವನು. ಹೆಂಡತಿ ನೋಯುವ ಮಂಡಿ ಹಿಡಿದುಕೊಂಡು ಕಟ್ಟಿಗೆ ಹೊರುವುದನ್ನು ಒಂದೇ ವಾರ ನೋಡಿದ. ಎರಡನೇ ವಾರ ಗೋಡೆಯ ಮೇಲೆ ಬಿಳಿಯ ಹೀಟ್ ಪಂಪ್ ಬಂದು ಕೂತಿತು. ಹೊರಗಿನ ಚಳಿಗಾಳಿಯಿಂದಲೇ ಶಾಖ ಹಿಂಡಿ ಒಳಗೆ ಊದುವ ಯಂತ್ರ.

"ಇದು ನನ್ನ ಮದುವೆ ಉಡುಗೊರೆ," ಎಂದ. "ಇನ್ನು ನೀನು ಕಟ್ಟಿಗೆ ಮುಟ್ಟೋ ಹಾಗಿಲ್ಲ."

"ಬ್ರೆಡ್ಡಿಗೆ?"

"ಬ್ರೆಡ್ಡಿಗೆ ಮಾತ್ರ ಮುಟ್ಟು ಮಾರಾಯ್ತಿ, ನಾನೇನು ಮೂರ್ಖನಾ?"

ಅಕ್ಟೋಬರ್ ತಿಂಗಳು ಸೊಗಸಾಗಿ ಕಳೆಯಿತು; ಆ ಹಗುರ ಚಳಿಯಲ್ಲಿ ಶನಿವಾರದ ಒಲೆಯೊಂದೇ ಇಡೀ ಮನೆಗೆ ಸಾಕಾಗುತ್ತಿತ್ತು. ನವೆಂಬರಿನಲ್ಲಿ ಮೊದಲ ಗಟ್ಟಿ ಹಿಮ ಬಿದ್ದ ಶನಿವಾರ ಔನೆ ಒಲೆ ಹೊತ್ತಿಸಿದಳು. ನಡುಮನೆ ಧಗಧಗ ಎನ್ನತೊಡಗಿತು. ಸಂಜೆಯ ಹೊತ್ತಿಗೆ ಪಂಪ್ ಉಸಿರೇ ಎತ್ತದೆ ಸುಮ್ಮನಾಗಿತ್ತು. ಹಿಂದಿನ ಮಲಗುವ ಕೋಣೆಯ ಬಾಗಿಲು ತೆಗೆದರೆ ಒಳಗೆ ಹನ್ನೆರಡು ಡಿಗ್ರಿ.

ರೇಯೊ ಸ್ಟೂಲ್ ಹತ್ತಿ ಯಂತ್ರದ ಮುಚ್ಚಳ ತೆರೆದ, ಜಾಲರಿ ತೊಳೆದ, ಗುಂಡಿಗಳನ್ನೆಲ್ಲ ಒತ್ತಿದ. ಅದು ಮಿಸುಕಲಿಲ್ಲ. ಅವನ ಮುಖ ಸಣ್ಣದಾಯಿತು. ನಿಂತುಹೋದ ಇಂಜಿನ್ನಿನ ಮುಂದೆ ನಿಲ್ಲುವುದಕ್ಕಿಂತ ದೊಡ್ಡ ಅವಮಾನ ಅವನಂಥವನಿಗೆ ಬೇರೆ ಇರಲಿಲ್ಲ. ಔನೆ ಒಲೆಯ ಪಕ್ಕದಲ್ಲಿ ನಿಂತು ಅದನ್ನು ನೋಡಿದಳು. ನನ್ನ ಒಲೆಯ ಕಾವಿಗೇ ಇವನ ಯಂತ್ರ ಕೆಡುತ್ತಿದೆ ಎಂದುಕೊಂಡಳು. ಮರುದಿನ ಒಲೆ ಆರುತ್ತಾ ಬಂದಂತೆ ಪಂಪ್ ತಾನಾಗಿಯೇ ಶುರುವಾದಾಗ ಅವಳಿಗೆ ಸಂಶಯವೇ ಉಳಿಯಲಿಲ್ಲ.

ಮುಂದಿನ ಶನಿವಾರ, "ಮಂಡಿ ಎಳೀತಿದೆ, ಈ ವಾರ ಅಂಗಡಿ ಬ್ರೆಡ್ಡೇ ತರೋಣ" ಎಂದಳು. ಅದರ ಮುಂದಿನ ವಾರವೂ ಹಾಗೇ ಆಯಿತು. ಕ್ರಿಸ್‌ಮಸ್ಸಿನ ಹಂದಿ ತೊಡೆಯನ್ನು ಕೂಡ ವಿದ್ಯುತ್ ಓವನ್ನಿನಲ್ಲಿ ಬೇಯಿಸಿದಳು. ಅದು ಚೆನ್ನಾಗಿದೆ ಎಂದು ರೇಯೊ ಮೂರು ಸಲ ಹೇಳಿದ. ಒಂದು ಸಲ ಹೇಳಿದ್ದರೆ ಅವಳು ನಂಬುತ್ತಿದ್ದಳೇನೋ.

ಅತ್ತ ರೇಯೊಗೆ ಬೇರೆಯೇ ಸಂಕಟ. ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಮುದುಕನೊಬ್ಬ, "ಏನಯ್ಯಾ ರೇಯೊ, ಔನೆ ಮನೆ ಚಿಮಣೀಲಿ ಹೊಗೆ ಬಂದು ತಿಂಗಳಾಯ್ತಲ್ಲ! ನಿನ್ನ ಫ್ಯಾನು ಬ್ರೆಡ್ಡೂ ಸುಡುತ್ತೋ?" ಎಂದು ಕೆಣಕಿದ. ಎಲ್ಲರೂ ಗೊಳ್ಳೆಂದರು. ರೇಯೊ ನಗಲಾರದೆ ಮನೆಗೆ ಬಂದ. ನಾನು ಕಾಲಿಟ್ಟು ಈ ಮನೆಯ ಬೆಂಕಿಯನ್ನೇ ಆರಿಸಿಬಿಟ್ಟೆ, ಪಾಪ ಅವಳು ನನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಪಂಪ್ ಕೆಟ್ಟಿದೆ ಎಂದಾದರೆ ಅವಳೇ ಒಲೆ ಹೊತ್ತಿಸುತ್ತಾಳೆ ಎಂಬ ಉಪಾಯ ಹೊಳೆಯಿತು. ಮರುದಿನ ಅವಳು ಕೋಳಿಗಳಿಗೆ ಕಾಳು ಹಾಕಲು ಹೋದಾಗ ರೇಯೊ ಪಂಪ್ ಆರಿಸಿಬಿಟ್ಟ.

ಔನೆ ಒಲೆ ಹೊತ್ತಿಸಲಿಲ್ಲ. ಅಯ್ಯೋ, ಯಂತ್ರ ಪೂರ್ತಿ ಕೆಟ್ಟಿತು, ಈಗ ಒಲೆ ಉರಿಸಿದರೆ ಗಾಯದ ಮೇಲೆ ಉಪ್ಪು ಎರಚಿದಂತೆ ಎಂದುಕೊಂಡು ಇನ್ನೊಂದು ಸ್ವೆಟರ್ ಹಾಕಿಕೊಂಡಳು.

ಜನವರಿಯಲ್ಲಿ ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಒಳಗೆ ಗಂಡ ಹೆಂಡತಿ ಕೋಟು ತೊಟ್ಟು, ಉಣ್ಣೆಯ ಟೋಪಿ ಇಟ್ಟು, ಎದುರುಬದುರು ಕೂತು ಕಾಫಿ ಕುಡಿದರು.

"ಚಳಿ ಆಗ್ತಿದೆಯಾ?" ಎಂದ ರೇಯೊ.

"ಇಲ್ಲಪ್ಪ, ಹಿತವಾಗಿದೆ. ನಿಂಗೆ?"

"ನಂಗಾ? ಇಂಜಿನ್ ರೂಮಲ್ಲಿದ್ದವನು ನಾನು. ಸ್ವಲ್ಪ ಸೆಕೇನೇ."

ಅವನ ಹಲ್ಲು ಕಪ್ಪಿಗೆ ಟಕಟಕ ತಾಗುತ್ತಿತ್ತು.

ಪಂಪ್ ನಿಂತ ಮೂರನೆಯ ದಿನ ಔನೆ ಕೋಳಿಗೂಡಿನಲ್ಲಿ ನಿಂತು ತಂಗಿಯ ಮಗಳು ಟೆರ್ಹಿಗೆ ಫೋನ್ ಮಾಡಿದಳು. ಹೀಟ್ ಪಂಪ್ ಕೂರಿಸುವುದೇ ಟೆರ್ಹಿಯ ಕಸುಬು. "ಸುಮ್ನೆ ಈ ಕಡೆ ಬಂದೆ ಅಂತ ಬಾ. ನಾನು ಕರೆದೆ ಅಂದ್ರೆ ಅವನಿಗೆ ಬೇಜಾರಾಗುತ್ತೆ."

ಟೆರ್ಹಿ ಬಂದಳು, ಬೂಟು ಬಿಚ್ಚಿದಳು, ಮತ್ತೆ ಹಾಕಿಕೊಂಡಳು. "ದೊಡ್ಡಮ್ಮಾ, ಇದೇನು ಮನೆಯೋ ಐಸ್ ಪೆಟ್ಟಿಗೆಯೋ?"

ರಿಮೋಟು ಒತ್ತಿದಳು. ಪಂಪ್ ಒಂದು ಕ್ಷಣ ಯೋಚಿಸಿ ಬೆಚ್ಚನೆ ಊದತೊಡಗಿತು.

"ಇದಕ್ಕೇನೂ ಆಗಿಲ್ಲ. ಯಾರೋ ಆರಿಸಿದ್ದಾರೆ ಅಷ್ಟೇ."

ಔನೆ ನಿಧಾನವಾಗಿ ಗಂಡನ ಕಡೆ ತಿರುಗಿದಳು. ರೇಯೊ ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡ.

"ನೀನು ಒಲೆ ಹೊತ್ತಿಸ್ಲಿ ಅಂತ..." ಎಂದ.

"ನಿನ್ನ ಪಂಪ್ ಕೆಡುತ್ತೆ ಅಂತ ನಾನು ಹೊತ್ತಿಸ್ಲಿಲ್ಲ ಕಣೋ!"

"ಕೆಡೋದಾ? ಒಲೇಗಾ?"

ಟೆರ್ಹಿ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಔನೆಗೂ ನಗು ಉಕ್ಕಿತು. ಎರಡು ತಿಂಗಳು ತಡೆದಿಟ್ಟ ನಗು ಕಣ್ಣೀರಾಗಿ ಇಳಿಯಿತು. ಕೊನೆಗೆ ನಕ್ಕವನು ರೇಯೊ. ಅವನು ನಗತೊಡಗಿದ ಮೇಲೆ ನಿಲ್ಲಿಸುವುದೇ ಕಷ್ಟವಾಯಿತು.

ಆಮೇಲೆ ಟೆರ್ಹಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು. "ಪಂಪಿಗೆ ಕೋಣೆ ಎಷ್ಟು ಬೆಚ್ಚಗಿದೆ ಅಂತ ಗೊತ್ತಾಗೋದು ಅದರ ಮೂಗಿನ ಹತ್ರ ಬರೋ ಗಾಳಿಯಿಂದ. ಒಲೆ ಉರಿದ್ರೆ ಮನೆಯೆಲ್ಲ ಬೆಚ್ಚಗಿದೆ ಅಂದ್ಕೊಂಡು ಅದು ಮಲಗಿಬಿಡುತ್ತೆ. ಅದು ಕೆಟ್ಟಿದ್ದಲ್ಲ, ಅದರ ಬುದ್ಧಿವಂತಿಕೆ. ಒಲೆ ಉರಿಸಿದ ದಿನ ಅದನ್ನ ಬರೀ ಫ್ಯಾನಿಗೆ ಹಾಕಿ. ಹಿಂದಿನ ಕೋಣೆ ಬಾಗಿಲು ತೆರೆದಿಡಿ. ಒಲೆ ಕಾವನ್ನ ಅದೇ ಅಲ್ಲಿಗೆ ತಳ್ಳುತ್ತೆ. ಹಗುರ ಚಳಿಗೆ ಪಂಪ್ ಒಂದೇ ಸಾಕು. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಹೋದ್ರೆ ಅದಕ್ಕೆ ದಮ್ಮು ಸಾಲಲ್ಲ, ಆಗ ಒಲೆ ಬೇಕೇಬೇಕು."

"ಬಾಗಿಲು ತೆರೆದಿಡೋದಾ?" ಔನೆ ಹುಬ್ಬು ಗಂಟಿಕ್ಕಿದಳು. "ಚಳಿಗಾಲದಲ್ಲಿ ಬಾಗಿಲು ಮುಚ್ಚಬೇಕು ಅಂತ ಅಪ್ಪ..."

"ಅಜ್ಜನ ಕಾಲದಲ್ಲಿ ಫ್ಯಾನಿರ್ಲಿಲ್ಲ ದೊಡ್ಡಮ್ಮಾ."

ರೇಯೊ ಆಗಲೇ ಕಟ್ಟಿಗೆ ತರಲು ಎದ್ದಿದ್ದ. ಮಂಡಿ ನೋವಿನವಳು ಮುಟ್ಟುವ ಹಾಗಿಲ್ಲ ಎಂಬ ಕರಾರು ಹಾಕಿ, ಮೂರು ಹೊರೆ ತಂದು ಸುರಿದ. ಔನೆ ಹಿಟ್ಟು ಕಲೆಸಿದಳು. ಟೆರ್ಹಿಯನ್ನು ಹೋಗಲು ಬಿಡಲಿಲ್ಲ.

ಫೆಬ್ರವರಿಯಲ್ಲಿ ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗಿನ ಚಳಿ ಒಂದು ವಾರ ಕೂತಾಗ ಆ ಮನೆಯಲ್ಲಿ ಜೋರು ಜಗಳ ನಡೆಯಿತು. "ಬಾಗಿಲು ಯಾಕೆ ಮುಚ್ಚಿದೆ? ಹಿಂದಿನ ಕೋಣೆ ಹೆಪ್ಪುಗಟ್ತಿದೆ!" ಎಂದು ರೇಯೊ ಕೂಗಿದ. "ಆ ಕೋಣೇಲಿ ಮಲಗೋ ಬೆಕ್ಕು ಬಂದು ಹಿಟ್ಟಿನ ಬೋಗುಣಿಗೆ ಬಾಯಿ ಹಾಕುತ್ತೆ, ಅದಕ್ಕೇ ಮುಚ್ಚಿದೆ! ಚಳಿ ಆದ್ರೆ ಚಳಿ ಅಂತ ಮೊದಲೇ ಬಾಯಿ ಬಿಡು!" ಎಂದು ಔನೆ ಅದಕ್ಕಿಂತ ಜೋರಾಗಿ ಕೂಗಿದಳು. ಹಾಗೆ ಕೂಗಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಕೂಗಿ ಮುಗಿಸಿದ ಮೇಲೆ ಔನೆಗೆ ಯಾಕೋ ಮೈಯೆಲ್ಲ ಹಗುರವಾಯಿತು. ಬೆಕ್ಕನ್ನು ಎತ್ತಿ ಗಂಡನ ತೊಡೆಗೆ ಹಾಕಿ, ಬಾಗಿಲನ್ನು ಅಗಲ ತೆರೆದಿಟ್ಟಳು.