ದಾನಪ್ಪನಿಗೊಂದು ಸರ್ವೆ ಫೋನು

"ಸರ್ವೇ ಜನಾಃ ಫೋನಿನೋ ಭವಂತು! ಯಾರೂ ಕಿಸಕ್ ಅನಬ್ಯಾಡ್ರಿ ಮತ್ತ," ಎಂದು ಓಂಪ್ರಕಾಶ್ ಸ್ಪೀಕರ್ ಗುಂಡಿ ಒತ್ತಿದ.

ಕಟ್ಟಿದ ಕಥೆಯಲ್ಲ, ನಡೆದದ್ದೇ. ೨೦೦೪ರ ಅಕ್ಟೋಬರ್, ಅಮೆರಿಕದ ರ್ಯಾಂಚೊ ಪೆನಾಸ್ಕಿಟೋಸ್‌ನ ಅವನ ಮನೆ. ಅಧ್ಯಕ್ಷರ ಚುನಾವಣೆ ಹತ್ತಿರವಾಗಿ, ಊಟಕ್ಕೆ ಕೂತರೆ ಸಾಕು, ಓಟು ಯಾರಿಗೆಂದು ಕೇಳುವ ಸರ್ವೆಯವರ ಫೋನು. ಮ್ಯಾನೇಜರನಿಂದ ಹಿಡಿದು ಗುಡಿಯ ಭಟ್ಟರವರೆಗೆ ಎಲ್ಲರ ಧ್ವನಿಯನ್ನೂ ಗಂಟಲಿಗೆ ಇಳಿಸಿಕೊಂಡಿದ್ದ ಓಂಪ್ರಕಾಶನಿಗೆ ಸರ್ವೆಯವನೊಬ್ಬ ಬಾಕಿ ಇದ್ದ. ಬಲಿ ಸಿಕ್ಕಿದ್ದು ಗೆಳೆಯ ದಾನಪ್ಪ. ಆ ವರ್ಷವಷ್ಟೇ ಸಿಟಿಜನ್ ಆಗಿ ಮೊದಲ ಓಟಿಗೆ ತಯಾರಾಗಿದ್ದವನು. ರೊಟ್ಟಿ ಬಡಿಯಲೆಂದು ಹೆಂಡತಿ ವೈಶಾಲಿಯನ್ನು ಇಲ್ಲಿ ಇಳಿಸಿ, ಸ್ನಾನಕ್ಕೆ ಮನೆಗೆ ಹೋಗಿದ್ದ. ಹಿಂದಿನ ವಾರ ಇದೇ ಸೋಫಾದ ಮೇಲೆ ಕೂತು, "ಗರ್ಭಪಾತ ಗಿರ್ಭಪಾತ ನೋಡಿ ಯಾರರೆ ಪ್ರೆಸಿಡೆಂಟನ್ನ ಆರಸ್ತಾರೇನೋ? ಟ್ಯಾಕ್ಸ್ ನೋಡ್ರಿ!" ಎಂದು ಟೀಪಾಯಿ ಗುದ್ದಿದ್ದ.

"ಗುಡ್ ಈವ್ನಿಂಗ್ ಸರ್." ಓಂಪ್ರಕಾಶನ ಮೂಗಿನಿಂದ ಹೊರಟ ಅಪ್ಪಟ ಅಮೆರಿಕನ್ ಧ್ವನಿ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಗೆಳೆಯ ಚಂದ್ರಮೋಹನ್ ಬಾಯಿಗೆ ದಿಂಬು ಒತ್ತಿಕೊಂಡ. "ಓಟು ಹಾಕುವಾಗ ನಿಮಗೆ ಯಾವುದು ಮುಖ್ಯ? ತೆರಿಗೆ, ಯುದ್ಧ, ಗರ್ಭಪಾತ..."

"ಗರ್ಭಪಾತ," ಎಂದ ದಾನಪ್ಪ.

ದಿಂಬಿನ ಹಿಂದೆ ನಗು ಉಕ್ಕಿತು. ಓಂಪ್ರಕಾಶ್ ಕಣ್ಣು ಹೊಡೆದ. "ಎಷ್ಟು ಮುಖ್ಯ ಸರ್?"

"ಅದೊಂದೇ." ದಾನಪ್ಪ ತನ್ನ ಗಡಸು ಇಂಗ್ಲಿಷಿನಲ್ಲಿ ಮಾತು ಜೋಡಿಸತೊಡಗಿದ. "ನನ್ನ ಹೆಸರು ಬರೆದುಕೊಳ್ಳುವುದಿಲ್ಲ ತಾನೆ? ಹಾಗಾದರೆ ಹೇಳುತ್ತೇನೆ. ಇಲ್ಲೇ ಯೂನಿವರ್ಸಿಟಿ ಸಿಟಿಯಲ್ಲಿ ನಾನು ಓದುತ್ತಿದ್ದಾಗ ನನ್ನ ಹೆಂಡತಿ ಬಸುರಿಯಾದಳು. ಅವಳಿಗೆ ಬೇಕಿತ್ತು. ಡಿಗ್ರಿ ಮುಗಿಯಲಿ ಅಂದೆ ನಾನು. ಕ್ಲಿನಿಕ್ಕಿನಲ್ಲಿ ಅವಳನ್ನು ಕೇಳಿದರು, ಇದು ನಿಮ್ಮದೇ ತೀರ್ಮಾನವಾ ಅಂತ. ಅವಳಿಗೆ ಆಗ ಇಂಗ್ಲಿಷ್ ಬರುತ್ತಿರಲಿಲ್ಲ. ಹೌದು ಅಂತ ನಾನೇ ಹೇಳಿದೆ. ಆಮೇಲೆ ನಮಗೆ ಮಕ್ಕಳಾಗಲಿಲ್ಲ."

ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತ್ತು. ವೈಶಾಲಿ ಹಿಟ್ಟುಗೈಯಲ್ಲೇ ಬಾಗಿಲಿಗೆ ಬಂದಿದ್ದಳು. ಓಂಪ್ರಕಾಶ್ ಫೋನ್ ಕಟ್ ಮಾಡಲು ಬೆರಳು ಚಾಚಿದ. ಅವಳು ಬೇಡವೆಂದು ಕೈಯಾಡಿಸಿದಳು. ಹತ್ತಿರ ಬಂದು, "ಓಟು ಯಾರಿಗಂತ ಕೇಳ್ರಿ," ಎಂದು ಪಿಸುಗುಟ್ಟಿದಳು. "ಹೇಂತಿಗೆ ಇದನ್ನ ಹೇಳ್ಯಾರೇನು, ಅದನ್ನೂ ಕೇಳ್ರಿ."

"ಹಾಗಾದರೆ... ಗರ್ಭಪಾತ ಕೂಡದು ಅನ್ನುವವರಿಗೆ ನಿಮ್ಮ ಓಟೇ ಸರ್?"

"ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಅವರೂ ಅವಳನ್ನು ಕೇಳುವವರಲ್ಲ, ನನ್ನ ಹಾಗೇ. ಅವಳನ್ನೇ ಕೇಳಿ ಅನ್ನುವವರಿಗೆ ಹಾಕುತ್ತೇನೆ."

"ಹೆಂಡತಿಗೆ ಇದನ್ನು ಹೇಳಿದ್ದೀರಾ?" ಧ್ವನಿ ಮೂಗಿನಿಂದ ಗಂಟಲಿಗೆ ಜಾರಿತ್ತು.

ಆ ಕಡೆ ಬೀಳುತ್ತಿದ್ದ ನಲ್ಲಿಯ ನೀರನ್ನು ನಿಲ್ಲಿಸಿದ ಸದ್ದು. "ಇದೂ ಸರ್ವೆಯಲ್ಲಿದೆಯಾ ಸರ್?" ಎಂದ ದಾನಪ್ಪ. "ಇಲ್ಲ. ಅವಳ ಮುಂದೆ ಟ್ಯಾಕ್ಸ್ ಅನ್ನುತ್ತೇನೆ."

ಸ್ನಾನ ಮುಗಿಸಿದ ದಾನಪ್ಪ, ದಾರಿಯಲ್ಲಿ ಕೊಂಡ ಐಸಿನ ಚೀಲ ಅವಚಿಕೊಂಡು ಬಂದಾಗ ಯಾರೂ ಕೂತಲ್ಲಿಂದ ಅಲುಗಿರಲಿಲ್ಲ. "ಯಾಕ್ರಪಾ, ಸತ್ತವರ ಮನ್ಯಾಗ ಕುಂತಂಗ ಕುಂತೀರಿ?"

ಮುಚ್ಚಿಟ್ಟರೆ ಇನ್ನೂ ಹೊಲಸು ಎನಿಸಿತು ಓಂಪ್ರಕಾಶನಿಗೆ. ತನಗೆ ತೆಗೆಯಲು ಬರುವ ಅಷ್ಟೂ ಧ್ವನಿಗಳಲ್ಲಿ ಈ ಮಾತಿಗೆ ಒಪ್ಪುವುದೊಂದೂ ಸಿಗಲಿಲ್ಲ. "ದಾನಪ್ಪಾ, ಆ ಸರ್ವೆಯಾಂವ ನಾನೋ. ಸ್ಪೀಕರ್ ಹಾಕಿದ್ದೆ."

ದಾನಪ್ಪ ಅವನನ್ನು ನೋಡಿದ. ವೈಶಾಲಿಯನ್ನು ನೋಡಿದ. ಆಮೇಲೆ ಗೋಡೆಗೆ ಒರಗಿ ನಗತೊಡಗಿದ. "ಹಲ್ಕಟ್ ಮಗನ, ಏನ್ ಧ್ವನಿ ತಗದ್ಯೋ! ಸರ್ ಅಂದ್ನೆಲ್ಲೋ ನಿನಗ, ಸರ್!" ಕಿಟಕಿಯ ಗಾಜು ನಡುಗುವಂಥ ನಗು. ಜೊತೆಗೆ ಯಾರೂ ನಗಲಿಲ್ಲ.

ಐಸು ಕರಗಿ ಅವನ ಅಂಗಿ ತೋಯುತ್ತಿತ್ತು. ವೈಶಾಲಿ ಹೋಗಿ ಚೀಲ ಇಸಿದುಕೊಳ್ಳಲು ಕೈ ಹಾಕಿದಳು. ಅವನು ಬಿಡಲಿಲ್ಲ. ಅವಳೂ ಕೈ ತೆಗೆಯಲಿಲ್ಲ. ಇಬ್ಬರೂ ಅದನ್ನು ಹಿಡಿದುಕೊಂಡೇ ನಿಂತರು. ಅವನು ನಗುತ್ತಲೇ ಇದ್ದ.